‘ಬಾಗಿಲು ಹಾಕಿದೆ’ ಎಂಬ ಒಂದು ಷರಾ

ಫೆಬ್ರವರಿ 31, 2291
ಬೆಳಗಿನ ಎರಡನೆಯ ಹತ್ತು ಗಂಟೆ

ಕುಂಬಾರ ಓಣಿಯ ಮೂಲೆಯಲ್ಲಿ, ಗುಡ್ಡಪ್ಪನ ಹೋಟೆಲಿನ ಎರಡನೆಯ ಬೆಂಚಿನ ಮೇಲೆ ಕುಳಿತಿರುವ, ತಾಲೂಕು ಕೋರ್ಟಿನ ಆದೇಶ ಜಾರಿಕಾರರಾದ ಶ್ರೀ ಮಾಲತೇಶಪ್ಪ ಓಲೇಕಾರ ಇವರಿಗೆ, ಅವರ ಒಂಬತ್ತನೆಯ ತಲೆಮಾರಿನ ಹೊಳೆಬಸಪ್ಪ ಓಲೇಕಾರನು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಮುತ್ತಜ್ಜಾ, ದಿನಾಂಕ ನೋಡಿ ಗಾಬರಿಯಾಗಬೇಡಿ. ಬಾಕಿ ಕೆಲಸ ಮುಗಿಸಲು ದಿನಗಳು ಸಾಲುತ್ತಿಲ್ಲವೆಂದು ಸರ್ಕಾರಿ ನೌಕರರು ಬೇಡಿಕೆ ಸಲ್ಲಿಸಿದ್ದರಿಂದ, ನೂರು ವರ್ಷದ ಹಿಂದೆ ಫೆಬ್ರವರಿಗೆ ಮೂರು ದಿನ ಸೇರಿಸಲಾಯಿತು. ಆ ಮೂರೂ ದಿನಕ್ಕೆ ಕೂಡಲೇ ರಜೆ ಘೋಷಣೆಯಾಯಿತು, ಅದು ಬೇರೆ ಮಾತು. ಎರಡನೆಯ ಹತ್ತು ಗಂಟೆಯೂ ಹಾಗೆಯೇ ಬಂದದ್ದು. ಮೊದಲನೆಯ ಹತ್ತಕ್ಕೆ ಕಚೇರಿಗೆ ಬರಲಾಗದವರು ಎರಡನೆಯದಕ್ಕೆ ಬಂದು ಸಮಯಪಾಲನೆ ಮಾಡುತ್ತಾರೆ. ಇನ್ನು ನನ್ನ ಭಾಷೆ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಕೋರ್ಟಿನ ಹಳೆಯ ಕಡತಗಳಿಂದ. ಆದ್ದರಿಂದ ನಡುನಡುವೆ ‘ಸದರಿ’, ‘ಮೇಲ್ಕಾಣಿಸಿದ’ ಎಂದು ಬಂದರೆ ಮನ್ನಿಸಬೇಕು. ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ನೀಲವ್ವನಿಗೆ ನಿಮ್ಮ ಕಾಲದ ಭಾಷೆಯಲ್ಲಿ ಒಂದು ಪ್ರೇಮಪತ್ರ ಬರೆದಿದ್ದೆ. ಅವಳು ಅದನ್ನು ತೆಗೆದುಕೊಂಡು ನೇರ ವಕೀಲರ ಮನೆಗೆ ಹೋಗಿದ್ದಳು.

ವಿಷಯಕ್ಕೆ ಬರುತ್ತೇನೆ, ನಿಮ್ಮ ಚಹಾ ಆರುತ್ತಿದೆ. ಇವತ್ತು ನಿಮಗೆ 2026ರ ಏಪ್ರಿಲ್ ಹದಿನಾರು, ಗುರುವಾರ. ನಿಮ್ಮ ಚೀಲದಲ್ಲಿರುವ ಮೂವತ್ತೊಂದು ಸಮನ್ಸುಗಳಲ್ಲಿ ಒಂದು, ಕುಂಬಾರ ಓಣಿಯ ಫಕ್ಕೀರವ್ವ ಎಂಬ ಮುದುಕಿಯ ಹೆಸರಿನದು. ಅವಳ ಬಾಗಿಲ ಮುಂದಿನ ಮೂರು ಅಡಿ ಸಂದಿ ತನ್ನದೆಂದು ಪಕ್ಕದ ಮನೆಯವನು ದಾವೆ ಹೂಡಿದ್ದಾನೆ. ಇನ್ನು ಹತ್ತು ನಿಮಿಷಕ್ಕೆ ನೀವು ಕುಳಿತಲ್ಲಿಯೇ ಸದರಿ ಸಮನ್ಸಿನ ಬೆನ್ನಿಗೆ ಒಂದು ಷರಾ ಬರೆಯಲಿದ್ದೀರಿ: ‘ಬಾಗಿಲು ಹಾಕಿದೆ. ಮನೆಯವರು ಸಿಗಲಿಲ್ಲ. ಸಾಕ್ಷಿದಾರರ ಸಮಕ್ಷಮ ನಕಲನ್ನು ಬಾಗಿಲಿಗೆ ಅಂಟಿಸಿ ಜಾರಿ ಮಾಡಿದೆ.’ ಸಾಕ್ಷಿದಾರರೆಂದರೆ ಹೋಟೆಲಿನ ಗುಡ್ಡಪ್ಪ ಮತ್ತು ಅಲ್ಲೇ ಗಿರಮಿಟ್ ತಿನ್ನುತ್ತಿರುವ ಒಬ್ಬ ಟೇಲರು. ಮುತ್ತಜ್ಜಾ, ಆ ಬಾಗಿಲು ಹಾಕಿಲ್ಲ. ಮುದುಕಿ ಒಳಗೆ ಶೇಂಗಾ ಸುಲಿಯುತ್ತ ಕೂತಿದ್ದಾಳೆ. ನಿಮ್ಮ ಬೆಂಚಿನಿಂದ ಅವಳ ಹೊಸ್ತಿಲಿಗೆ ನಾನೂರ ಹನ್ನೆರಡು ಹೆಜ್ಜೆ. ನೀವು ಪೆನ್ನಿನ ಮುಚ್ಚಳ ಹಾಕಿ ಎದ್ದು ಅಲ್ಲಿಗೆ ಹೋಗಬೇಕು. ಈ ಪತ್ರದಲ್ಲಿ ಇರುವುದು ಇಷ್ಟೇ. ಉಳಿದದ್ದು ನಮ್ಮ ಮನೆತನದ ರೂಢಿಯಂತೆ ಪೀಠಿಕೆ.

ಬಯ್ಯಲು ಬರೆಯುತ್ತಿಲ್ಲ. ನಿಮ್ಮ ಬಲಗಾಲಿನ ಅಂಗಾಲಲ್ಲಿ ಆಣಿ ಇದೆ, ಹೊರಗೆ ಮೂವತ್ತೊಂಬತ್ತು ಡಿಗ್ರಿ ಬಿಸಿಲಿದೆ, ಬೆಳಗ್ಗೆಯಿಂದ ನಾಲ್ಕು ಮನೆಯವರು ‘ನೀವು ಬಂದ್ರ ಮನಿಗೆ ಕೆಟ್ಟ ಸುದ್ದಿನಽ ನೋಡ್ರಿ’ ಎಂದು ಮುಖದ ಮೇಲೆ ಬಾಗಿಲು ಬಡಿದಿದ್ದಾರೆ. ಇದೆಲ್ಲ ಕಡತದಲ್ಲಿದೆ. ನಿಮ್ಮ ಮುಂದಿರುವ ತಟ್ಟೆಯಲ್ಲಿ ಎರಡು ಮಿರ್ಚಿ ಇರುವುದೂ ಇದೆ. ಸಮನ್ಸಿನ ಎಡಮೂಲೆಯಲ್ಲಿ ಬೀಳಲಿರುವ ಎಣ್ಣೆಯ ಕಲೆಗೆ ಸಾಕ್ಷ್ಯಗಳ ಪಟ್ಟಿಯಲ್ಲಿ ‘ನಿಶಾನಿ ಏಳು’ ಎಂದು ಹೆಸರು. ಅದರ ಮೇಲೆ ಇದುವರೆಗೆ ಮೂರು ಜನ ಡಾಕ್ಟರೇಟ್ ಪಡೆದಿದ್ದಾರೆ.

ಆ ಷರಾದಿಂದ ಏನಾಯಿತು ಎಂದರೆ, ಫಕ್ಕೀರವ್ವನಿಗೆ ದಾವೆಯ ಸುದ್ದಿಯೇ ತಿಳಿಯಲಿಲ್ಲ. ತಾರೀಖಿನ ದಿನ ಅವಳು ಕೋರ್ಟಿಗೆ ಬರಲಿಲ್ಲ. ಬಾರದವಳ ಮೇಲೆ ಏಕಪಕ್ಷೀಯ ತೀರ್ಪಾಯಿತು. ಸುದ್ದಿ ಅವಳಿಗೆ ಮುಟ್ಟಿದ್ದು ಗೋಡೆಯ ರೂಪದಲ್ಲಿ. ಒಂದು ಬೆಳಗ್ಗೆ ಅಂಗಳಕ್ಕೆ ನೀರು ಹಾಕಲು ಬಂದಾಗ ಹೊಸ್ತಿಲಿನ ಮುಂದೆ ಮೊಳದಷ್ಟು ಜಾಗ ಬಿಟ್ಟು ಗವಂಡಿಗಳು ಇಟ್ಟಿಗೆ ಇಡುತ್ತಿದ್ದರು. ಅಲ್ಲಿಂದ ಸಾಯುವತನಕ, ಹನ್ನೊಂದು ವರ್ಷ, ಅವಳು ತನ್ನ ಮನೆಗೆ ಹಿಂದಿನ ಎಮ್ಮೆಯ ಕೊಟ್ಟಿಗೆಯಿಂದ ಬಗ್ಗಿ ಹೋಗಿ ಬಂದಳು. ಕೊನೆಗೆ ಹೆಣವೂ ಕೊಟ್ಟಿಗೆಯಿಂದಲೇ ಹೊರಟಿತು. ಅದಕ್ಕೂ ಮೊದಲು ವಿಚಾರಣೆಗೆ ಬಂದ ಕೋರ್ಟ್ ಕಮಿಷನರಿಗೆ ಅವಳು ಒಂದೇ ಮಾತು ಹೇಳಿದ್ದಾಳೆ: ‘ನಮ್ಮ ಬಾಗಲಾ ಯಾವತ್ತರ ಹಾಕಿತ್ತೇನೋ ಯಪ್ಪಾ? ತಗದಽ ಇತ್ತಲ್ಲ.’

ಸದರಿ ಮಾತನ್ನು ಈಗ ನಮ್ಮ ವಿದ್ಯಾಲಯದ ಹೆಬ್ಬಾಗಿಲ ಮೇಲೆ ಕಲ್ಲಿನಲ್ಲಿ ಕೆತ್ತಿದೆ. ವಿದ್ಯಾಲಯ ಎಂದೆನಲ್ಲವೆ? ನಿಮ್ಮ ಕಾಲದಲ್ಲಿ ಜಾರಿಕಾರನಾಗಲು ಎಸ್ಸೆಸ್ಸೆಲ್ಸಿ ಪಾಸಾಗಿ, ಕನ್ನಡ ಓದಿ ಬರೆಯಲು ಬಂದು, ಸೈಕಲ್ ಒಂದಿದ್ದರೆ ಹೆಚ್ಚುಕಡಿಮೆ ಸಾಕಿತ್ತು. ನಿಮ್ಮ ಒಂದು ಷರಾದ ಮೇಲೆ ಮೇಲ್ಮನವಿಗಳಾಗಿ, ಆಯೋಗಗಳಾಗಿ, ಆಯೋಗಗಳ ಮೇಲೆ ಆಯೋಗಗಳಾಗಿ, ಈಗ ಈ ಕೆಲಸಕ್ಕೆ ಏಳು ವರ್ಷದ ಕಲಿಕೆ ಬೇಕು. ವೈದ್ಯರಿಗೆ ಐದು ವರ್ಷ ಸಾಕು. ದೇಹ ಸಿಕ್ಕೇ ಸಿಗುತ್ತದೆ, ಪ್ರತಿವಾದಿ ಸಿಗುವುದಿಲ್ಲ ಎಂಬುದು ಅದಕ್ಕೆ ಕೊಡುವ ಕಾರಣ.

ಮೊದಲ ವರ್ಷ ಪೂರ್ತಿ ನಡಿಗೆ. ನಮ್ಮಲ್ಲಿ ಬೀದಿಗಳೇ ಜನರನ್ನು ಹೊತ್ತು ಸಾಗುತ್ತವೆ, ಅವಕ್ಕೆ ತೇಲುಪಟ್ಟಿ ಎನ್ನುತ್ತೇವೆ. ಹಾಗಾಗಿ ಹುಡುಗರು ಹದಿನೆಂಟು ತುಂಬಿ ಬಂದಾಗ ಅವರಿಗೆ ನಿಲ್ಲಲು ಬರುತ್ತದೆ, ಹೋಗಲು ಬರುವುದಿಲ್ಲ. ಎರಡನೆಯ ವರ್ಷ ಬಾಗಿಲು ಬಡಿಯುವುದು. ಹನ್ನೊಂದು ಬಗೆಯ ಬಡಿತಗಳಿವೆ. ಬೀಗರ ಬಡಿತವನ್ನು ಬಡಿದರೆ ಒಳಗಿನವರು ಸೀರೆ ಬದಲಿಸಲು ಹೋಗಿ ಅರ್ಧ ತಾಸು ಬರುವುದಿಲ್ಲ. ಪೊಲೀಸರ ಬಡಿತಕ್ಕೆ ಹಿತ್ತಲಿನಿಂದ ಓಡುತ್ತಾರೆ. ಜಾರಿಕಾರನದು ಇವೆರಡರ ನಡುವೆ, ಸಣ್ಣ ಕೆಮ್ಮಿನ ಜೊತೆಗೆ ಇರಬೇಕು. ಆ ಕೆಮ್ಮಿಗೆ ಪ್ರತ್ಯೇಕ ಐವತ್ತು ಅಂಕ.

ಆಮೇಲಿನದು ನೆರಳಾಳಿನ ಪತ್ತೆ. ನೆರಳಾಳು ಎಂದರೆ ಮನೆಯ ಯಜಮಾನನಂತೆಯೇ ಮಾಡಿಸಿಟ್ಟ ಯಂತ್ರ. ಬೇಡದವರು ಬಂದರೆ ಅದೇ ಬಾಗಿಲು ತೆಗೆದು ಮಾತಾಡಿ ಕಳಿಸುತ್ತದೆ. ಅದರ ಕೈಗೆ ಸಮನ್ಸ್ ಕೊಟ್ಟರೆ ಜಾರಿಯಾದಂತಲ್ಲ. ಗುರುತಿಸುವುದು ಹೇಗೆ? ನಗುನಗುತ್ತ ‘ಬನ್ನಿ, ಕುಳಿತುಕೊಳ್ಳಿ’ ಎಂದರೆ ಯಂತ್ರ. ಹುಬ್ಬು ಗಂಟಿಕ್ಕಿ ‘ಯಾರ್ ಬೇಕಾಗಿತ್ತು?’ ಎಂದರೆ ಮನುಷ್ಯ. ಇತ್ತೀಚೆಗೆ ಯಂತ್ರಗಳಿಗೂ ಹುಬ್ಬು ಗಂಟಿಕ್ಕಲು ಕಲಿಸಿದ್ದಾರೆ. ಅದಕ್ಕೇ ನಾವು ಒಲೆಯ ಕಡೆ ತಿರುಗಿ ‘ಹಾಲು ಉಕ್ಕತು!’ ಎಂದು ಕೂಗುತ್ತೇವೆ. ಓಡಿದವರ ಕೈಗೆ ಸಮನ್ಸ್.

ಎಲ್ಲಕ್ಕಿಂತ ಹೆಚ್ಚು ಜನ ನಪಾಸಾಗುವುದು ಉಪ್ಪಿನ ನಿಯಮದಲ್ಲಿ. ಪ್ರತಿವಾದಿಯ ಮನೆಯಲ್ಲಿ ಉಪ್ಪು ತಿಂದವನು ಅವತ್ತು ಆ ಮನೆಗೆ ಸಮನ್ಸ್ ಕೊಡುವಂತಿಲ್ಲ ಎಂದು ಮೂರನೆಯ ಆಯೋಗ ಹೇಳಿತು. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಇದು ತಿಳಿಯಲು ಒಂದು ವಾರ ಹಿಡಿಯಿತು. ಈಗ ನಮ್ಮನ್ನು ಕಂಡರೆ ಯಾರೂ ಬಾಗಿಲು ಹಾಕುವುದಿಲ್ಲ. ‘ಬಾರಪ್ಪಾ, ಬಿಸಲಾಗ ಬಂದಿ, ಒಂದ್ ಗುಟುಕ ಮಜ್ಜಗಿ ಕುಡಿ’ ಎಂದು ಓಣಿಯ ತುದಿಗೇ ತಂಬಿಗೆ ಹಿಡಿದು ಬರುತ್ತಾರೆ. ಒಂದು ಗುಟುಕಿಗೆ ಒಂದು ದಿನದ ಕೆಲಸ ಹೋಯಿತು. ಮಾರನೆಯ ದಿನ ಮಂಡಕ್ಕಿ, ಅದರ ಮಾರನೆಯ ದಿನ ರೊಟ್ಟಿ ಶೇಂಗಾಚಟ್ನಿ. ನಾನು ಮೇಷ್ಟ್ರಾಗುವ ಮೊದಲು ಒಂದು ಮನೆಗೆ ಹದಿನಾಲ್ಕು ತಿಂಗಳು ಸಮನ್ಸ್ ಹೊತ್ತುಕೊಂಡು ಹೋಗಿ ಒಂಬತ್ತು ಕಿಲೋ ದಪ್ಪಗಾದೆ. ಕೊನೆಗೆ ಅವರೇ ಕನಿಕರಪಟ್ಟು ಒಂದು ದಿನ ಸಪ್ಪೆ ಗಂಜಿ ಕೊಟ್ಟರು.

ಐದನೆಯ ವರ್ಷ ಏನು ಕಲಿಸುತ್ತೇವೆ ಎಂಬುದು ನನಗೂ ಸರಿಯಾಗಿ ನೆನಪಿಲ್ಲ. ಕೊನೆಯ ಎರಡು ವರ್ಷ ಷರಾ. ಅದು ನನ್ನ ಪಾಠ, ಮೂವತ್ತಮೂರು ವರ್ಷದಿಂದ. ಕಂಡದ್ದನ್ನು ಮಾತ್ರ ಬರೆಯುವುದು ಹೇಗೆ ಎಂದು ಕಲಿಸಲು ಎರಡು ವರ್ಷ ಸಾಲುವುದಿಲ್ಲ ಮುತ್ತಜ್ಜಾ. ಹುಡುಗರಿಗೆ ಕುರ್ಚಿ ತೋರಿಸಿ ಷರಾ ಬರೆಯಿರಿ ಎಂದರೆ ಅರ್ಧ ಜನ ‘ಕುರ್ಚಿಯವರು ಊರಲ್ಲಿಲ್ಲ’ ಎಂದು ಬರೆಯುತ್ತಾರೆ. ಪಾಠದ ಮೊದಲ ದಿನ ಕೆಟ್ಟ ಷರಾಕ್ಕೆ ಉದಾಹರಣೆಯಾಗಿ ನಿಮ್ಮದನ್ನು ಗೋಡೆಯ ಮೇಲೆ ತೋರಿಸಬೇಕೆಂಬುದು ನಿಯಮ. ಕೆಳಗೆ ನಿಮ್ಮ ಸಹಿ, ದೊಡ್ಡದಾಗಿ. ಎಪ್ಪತ್ತು ಜನ ಹುಡುಗ ಹುಡುಗಿಯರು ಸಹಿಯಲ್ಲಿನ ಅಡ್ಡಹೆಸರು ಓದುತ್ತಾರೆ, ಆಮೇಲೆ ನನ್ನ ಎದೆಯ ಮೇಲಿನ ಹೆಸರಿನ ಪಟ್ಟಿ ಓದುತ್ತಾರೆ. ಮೂವತ್ತಮೂರು ಸಲ ಆಯಿತು. ಹೆಸರು ಬದಲಿಸಿಕೊ ಎಂದವರಿದ್ದಾರೆ. ಓಲೆ ಮುಟ್ಟಿಸುವವನೇ ಓಲೇಕಾರ. ಬದಲಿಸುವುದಕ್ಕಿಂತ ಮುಟ್ಟಿಸುವುದು ವಾಸಿ ಎನಿಸಿತು.

ದಣಿದಿದ್ದೇನೆ. ದಾವೆ ಇನ್ನೂ ನಡೆಯುತ್ತಿದೆ. ವಾದಿ ಪ್ರತಿವಾದಿಗಳ ಮನೆತನಗಳು ಬೀಗತನ ಮಾಡಿ ಮಾಡಿ ಈಗ ಯಾರು ಯಾವ ಕಡೆಯವರೆಂದು ಅವರಿಗೇ ಗೊತ್ತಿಲ್ಲ. ತಾರೀಖಿನ ದಿನ ಕೋರ್ಟಿನ ಬಾಗಿಲಲ್ಲಿ ಚೀಟಿ ಎತ್ತಿ ಕಡೆ ಹಂಚಿಕೊಳ್ಳುತ್ತಾರೆ. ಕುಂಬಾರ ಓಣಿ ಹೋಗಿದೆ, ಗುಡ್ಡಪ್ಪನ ಹೋಟೆಲ್ ಹೋಗಿದೆ. ಗೋಡೆ ಮಾತ್ರ ಸಾಕ್ಷ್ಯವಾದ್ದರಿಂದ ಕೆಡವುವಂತಿಲ್ಲ. ಊರ ನಡುವೆ ಆಚೆಯೂ ಇಲ್ಲ ಈಚೆಯೂ ಇಲ್ಲ ಎಂಬಂತೆ ಏಳಡಿ ಗೋಡೆ ನಿಂತಿದೆ, ತೇಲುಪಟ್ಟಿ ಅದನ್ನು ಬಳಸಿ ಹೋಗುತ್ತದೆ. ಹೋದ ವರ್ಷ ಹುಡುಗರನ್ನು ಕರೆದುಕೊಂಡು ಹೋಗಿ ಹೋಟೆಲಿದ್ದ ಜಾಗದಿಂದ ಫಕ್ಕೀರವ್ವನ ಹೊಸ್ತಿಲಿದ್ದ ಜಾಗದ ತನಕ ಹೆಜ್ಜೆ ಎಣಿಸುತ್ತ ನಡೆಸಿದೆ. ಬ್ಯಾಡಗಿ ಕಡೆಯ ಶಾಂತಲೆ ಎಂಬ ಹುಡುಗಿ ನಾನೂರ ಹನ್ನೆರಡಕ್ಕೆ ನಿಂತು ಹಿಂತಿರುಗಿ ನೋಡಿದಳು. ‘ಸರ, ಇಷ್ಟಽ ಏನ್ರಿ? ಇಷ್ಟಕ್ಕ ಅಷ್ಟು ದೊಡ್ಡ ಸಾಲಿ ಕಟ್ಟಿದ್ರಾ?’ ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದಮೇಲೆ ಊಟ ಸೇರಲಿಲ್ಲ.

ನಿವೃತ್ತರಾಗುವ ಸರ್ಕಾರಿ ನೌಕರರಿಗೆ ನಮ್ಮಲ್ಲಿ ಒಂದು ಹಿನ್ನಂಚೆ ಕೊಡುತ್ತಾರೆ, ಕಳೆದುಹೋದ ಕಾಲಕ್ಕೆ ಒಂದೇ ಒಂದು ಪತ್ರ. ಹೆಚ್ಚಿನವರು ತಮ್ಮ ಮದುವೆ ತಪ್ಪಿಸಲು ಬಳಸುತ್ತಾರೆ. ನಾನು ನಿಮಗೆ ಬರೆಯುತ್ತೇನೆ ಎಂದಾಗ ಅಂಚೆಯವರು ಒಂದು ಎಚ್ಚರಿಕೆಗೆ ಸಹಿ ಹಾಕಿಸಿಕೊಂಡರು. ನೀವು ಎದ್ದು ಹೋದರೆ ಆ ಷರಾ ಇಲ್ಲ. ಷರಾ ಇಲ್ಲದಿದ್ದರೆ ವಿದ್ಯಾಲಯವಿಲ್ಲ, ನನ್ನ ಮೂವತ್ತಮೂರು ವರ್ಷದ ಪಾಠವೂ ಇಲ್ಲ. ನಾನು ಬೇರೇನೋ ಆಗಿರುತ್ತೇನೆ, ಮಿರ್ಚಿ ಕರಿಯುವವನೋ ಏನೋ. ಇದನ್ನು ನೀಲವ್ವನಿಗೆ ಹೆದರುತ್ತ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು, ತಲೆ ಎತ್ತಲಿಲ್ಲ. ‘ಬರದ ಹಾಕ್ರಿ. ನಿಮ್ಮ ಪಾಠ ಯಾರಿಗೆ ಬೇಕಾಗೇತಿ, ಆ ಮುದುಕಿ ಬಾಗಲಾ ಉಳೀಲಿ’ ಎಂದಳು. ಸೊಪ್ಪಿನ ಕಡ್ಡಿ ಆಚೆ ಎಸೆದು, ‘ಮಿರ್ಚಿ ಕರಿಯೋರಾದ್ರ ಅಡಗಿನೂ ನೀವಽ ಮಾಡ್ರಿ ಮತ್ತ’ ಎಂದಳು.

ಆದ್ದರಿಂದ ಏಳಿ ಮುತ್ತಜ್ಜಾ. ಚಹಾ ಕುಡಿದೇ ಏಳಿ, ಅವಸರವಿಲ್ಲ. ಹೋಟೆಲಿನ ಮೆಟ್ಟಿಲಿಳಿದು ಎಡಕ್ಕೆ ತಿರುಗಿದರೆ ಬೇವಿನ ಮರದ ತನಕ ನೆರಳಿದೆ, ಆಣಿಯ ಕಾಲನ್ನು ಅಂಚಿನ ಮೇಲೆ ಊರಿ ನಡೆಯಿರಿ. ಗಟಾರದ ಮೇಲಿನ ಕಲ್ಲು ಅಲುಗಾಡುತ್ತದೆ, ಜೋಪಾನ. ನೀಲಿ ಬಾಗಿಲು. ಬಡಿಯುವ ಅಗತ್ಯವಿಲ್ಲ, ತೆರೆದಿದೆ. ಕೆಮ್ಮಿದರೆ ಸಾಕು. ಅವಳಿಗೆ ಓದಲು ಬರುವುದಿಲ್ಲ, ನೀವೇ ಓದಿ ಹೇಳಿ. ತಾರೀಖನ್ನು ಎರಡು ಸಲ ಹೇಳಿ. ಹೆಬ್ಬೆಟ್ಟು ಒತ್ತಿಸಿಕೊಂಡ ಮೇಲೆ ಅವಳು ಮಜ್ಜಿಗೆ ಕೊಡುತ್ತಾಳೆ, ಉಪ್ಪು ಸ್ವಲ್ಪ ಹೆಚ್ಚು. ನಿಮ್ಮ ಕಾಲದಲ್ಲಿ ಅದಕ್ಕೆ ನಿಯಮವಿಲ್ಲ. ಹೊಸ್ತಿಲ ಮೇಲೆ ಕುಳಿತು ಪೂರ್ತಿ ಕುಡಿಯಿರಿ. ಆಮೇಲೆ ಅಲ್ಲಿಯೇ ಪೆನ್ನು ತೆಗೆದು ಷರಾ ಬರೆಯಿರಿ: ‘ಬಾಗಿಲು ತೆರೆದಿತ್ತು.’

ನಿಮ್ಮ,
ಹೊಳೆಬಸಪ್ಪ, ಸದ್ಯಕ್ಕೆ ಷರಾ ಮೇಷ್ಟ್ರು