ಹಿತ್ತಾಳೆ ರೀಲಿನ ವಯಸ್ಸು

ಮಾನ್ಯ ಸಭಾಧ್ಯಕ್ಷರೇ, ಗಾಳ ಹಿಡಿದ ಗಣ್ಯರೇ, ಮೀನು ತಿಂದ ಮಾನ್ಯರೇ! ದೊರೆಗಳ ಗಾಳದ ರೀಲುಗಳನ್ನು ರಿಪೇರಿ ಮಾಡುತ್ತಿದ್ದ ದಿವಂಗತ ಬಸವಯ್ಯನವರ ಮಗನಾದ ನಾನು ಇಂದು ಠಾಣೆಯಲ್ಲಿ ನಡೆದದ್ದನ್ನು ಅರಿಕೆ ಮಾಡುತ್ತೇನೆ. ಅಪ್ಪಯ್ಯ, ನೀವು ಮುಂದಿನ ಸಾಲಿನಲ್ಲಿ ಕೂತು ಕೇಳಿ.

ನಕ್ಸಲರು ಎಸ್ಟೇಟ್ ಬಂಗಲೆಗೆ ನುಗ್ಗಿದ ಮೇಲೆ ಪೊಲೀಸರಿಗೆ ಕಾಡಿನವರೆಲ್ಲ ಕಳ್ಳರು, ಗಾಳ ಹಿಡಿದವರೆಲ್ಲ ಗೆರಿಲ್ಲಾಗಳು. ಬಾವಲಿ ಹೊಳೆಯಲ್ಲಿ ಮೀನು ಹಿಡಿಯುತ್ತಿದ್ದ ನಮ್ಮ ಕೆಂಚನನ್ನು ಎಳೆದೊಯ್ದಿದ್ದರು. ಅವನ ರೀಲು ಬಂಗಲೆಯಿಂದ ಕದ್ದದ್ದಂತೆ. ಅದರ ವಯಸ್ಸು ಹೇಳಲು ನನ್ನನ್ನು ಠಾಣೆಗೆ ಕರೆಸಿದರು.

"ಮದ್ರಾಸಿನಲ್ಲಿ ಹೊಸದಾಗಿ ಕೊಂಡದ್ದು, ಹತ್ತು ವರ್ಷವೂ ಆಗಿಲ್ಲ," ಎಂದರು ಎಸ್ಟೇಟ್ ಮ್ಯಾನೇಜರ್.

"ನಮ್ ತಾತಂಗೆ ಬಿಳಿ ದೊರೆ ಕೊಟ್ಟದ್ದು," ಎಂದ ಕೆಂಚ.

"ಮೈ ನೋಡಬೇಡ, ಮೊಳೆ ನೋಡು" ಎನ್ನುತ್ತಿದ್ದಿರಲ್ಲ ಅಪ್ಪಯ್ಯ, ನಾನು ಸ್ಕ್ರೂಗಳನ್ನೇ ನೋಡಿದೆ. ಒಂದರ ಸೀಳು ಇನ್ನೊಂದರಂತಿಲ್ಲ; ಎಲ್ಲವೂ ಹಳೆಯ ಕಾಲದಂತೆ ಕೈಯಿಂದಲೇ ಅರ ಹಾಕಿ ಕೊರೆದವು. ಮೈ ಹಿತ್ತಾಳೆ, ಹಿಡಿ ದಂತ.

"ಇದನ್ನು ಹೊಸದೆಂದು ಮಾರಿದ್ದರೆ, ಸಾರ್, ಅಂಗಡಿಯವನನ್ನು ಹಿಡಿಯಿರಿ," ಎಂದೆ. ಮ್ಯಾನೇಜರ್ ಕೆಮ್ಮಿದರು.

"ಏತು ಕೊಲ್ಲಂ, ಮಾಷೇ?" ಮಲಯಾಳಿ ಇನ್ಸ್‌ಪೆಕ್ಟರ್ ಯಾವ ಇಸವಿಯದೆಂದು ಕೇಳಿದರು.

"ಸಾವಿರದ ಎಂಟುನೂರ ತೊಂಬತ್ತಾರು," ಎಂದೆ, ಕನ್ನಡಕ ಒರೆಸಿಕೊಳ್ಳುತ್ತ, ಥೇಟ್ ನಿಮ್ಮಂತೆ. ಅವರು ಬರೆದುಕೊಂಡರು, ಕೆಂಚನನ್ನು ಬಿಟ್ಟರು.

ಹೊರಗೆ ಬಂದು ಕೆಂಚ ನಕ್ಕ: "ಅಲ್ಲಣ್ಣ, ನಾ ರೀಲು ಹಿಡುದ್ರೆ ನಕ್ಸಲು, ನೀ ಹಿಡುದ್ರೆ ಪಂಡಿತ! ಬಸವಯ್ಯಾರ ಮಗನೇ ಸೈ ಬುಡು!" ಬೀದಿಯವರೆಲ್ಲ ತಿರುಗಿ ನೋಡಿದರು. ನಾನೂ ಎದೆಯುಬ್ಬಿಸಿ ನಡೆದೆ.

ಅಪ್ಪಯ್ಯ, ಸಭೆಯಿಲ್ಲ, ಅಧ್ಯಕ್ಷರಿಲ್ಲ. ರೀಲು ಹಳೆಯದೆಂಬುದು ಖಂಡಿತ. ತೊಂಬತ್ತಾರು ಎಂಬುದು ಮಾತ್ರ ಬಾಯಿಗೆ ಬಂದದ್ದು. ಸರಿಯಾದ ಇಸವಿ ನನಗೆ ಗೊತ್ತಿಲ್ಲ. ನಿಮ್ಮನ್ನೇ ಕೇಳಬೇಕಿತ್ತು.