ಹತ್ತು ತುದಿ

ಜೂನ್ 3, ಬೆಳಿಗ್ಗೆ 11

ಎಂಟು ವೈರು, ಹದಿನಾರು ತುದಿ. ಮಾಕವಳ್ಳಿಯಲ್ಲಿ ಎಂಟು ಮನೆಗೆ ಡಿಶ್ ಅಂತೆ. ಅನ್ನಕ್ಕಿಟ್ಟು ಕೂತೆ. ತುದಿಗೆ ಮತ್ತೆ ತಿರುಗಿಸಿ ಹಾಕುವ ಕನೆಕ್ಟರನ್ನೇ ತಂದಿದ್ದಾನೆ! ಗಾಳಿಗೆ ಸಡಿಲವಾಗುತ್ತೆ, ನೀರಿಳಿಯುತ್ತೆ, ಮೊದಲ ಮಳೆಗೇ ಫೋನು. ಪ್ರೆಸ್ ಮಾಡುವಂಥದ್ದು ತನ್ನಿ, ಒಂದು ಸಲ ಒತ್ತಿದರೆ ಮುಗೀತು, ಮತ್ತೆ ಬಿಚ್ಚಲು ಬರಲ್ಲ ಅಂತ ಎಷ್ಟು ಸಲ ಹೇಳಿದೆ. ಮ್ಯಾಚಿಂಗ್ ಬ್ಲೌಸ್ ಪೀಸಿಗೆ ಸೀರೆಯ ತುಂಡು ಕೊಟ್ಟು ಕಳಿಸುವ ಹಾಗೆ ವೈರಿನ ತುಂಡೂ ಕೊಟ್ಟಿದ್ದೆ. ಒಗೆಯಲು ಹಾಕಿದ ಪ್ಯಾಂಟಿನ ಜೇಬಲ್ಲಿ ಸಿಕ್ಕಿತು.

ಈ ಡೈರಿಯಲ್ಲಿ ಹೆಸರೂ ಬರೆಯಬಹುದು, ಏಕವಚನವೂ. ದೇವರಾಜು, ನನ್ನ ಗಂಡ. ಕಿಕ್ಕೇರಿ ಸುತ್ತ ಡಿಶ್ ದೇವರಾಜು ಅಂದರೆ ಎಲ್ಲರಿಗೂ ಗೊತ್ತು. ಆರು ವರ್ಷದಿಂದ ಒಂದು ತುದಿಗೂ ಕನೆಕ್ಟರು ಹಾಕಿಲ್ಲ. ಜ್ವರ ಬಂದಾಗ ಒಂದು ದಿನ ಮಾಡಿಕೊಟ್ಟೆ, ಅಲ್ಲಿಗೆ ನನಗೇ ಗಂಟು ಬಿತ್ತು. ಹಗ್ಗದಲ್ಲಿ ಅಳತೆ ತರುತ್ತಾನೆ. ಎರಡೂ ತುದಿ ಮಾಡಿ ಕೊಡುತ್ತೇನೆ. ಕಿಟಕಿಯಲ್ಲಿ ತೂರಿಸಿ, ಮಿಕ್ಕ ವೈರನ್ನು ಟಿವಿ ಹಿಂದೆ ಸುರುಳಿ ಸುತ್ತಿಡುತ್ತಾನೆ. ಯಾಕಪ್ಪ ಇಷ್ಟು ವೈರು ಅಂದರೆ, 'ನಾಳಿಕೆ ಟಿವಿ ಜಾಗ ಬದ್ಲಾಯ್ಸುದ್ರೆ ಬ್ಯಾಡ್ವಾ?' ಎಂಥ ಮುಂದಾಲೋಚನೆ ಅಂತಾರೆ ಜನ.

ಜೂನ್ 5

ನಾನೇ ಬಸ್ಸು ಹತ್ತಿ ಕೆ.ಆರ್. ಪೇಟೆಗೆ ಹೋದೆ. ಕಲೀಂ ಅಂಗಡಿ. ಐದು ಥರದ ಕನೆಕ್ಟರು ತೆಗೆಸಿ, ಒಂದೊಂದಕ್ಕೂ ನನ್ನ ವೈರು ತೂರಿಸಿ ನೋಡಿದೆ. ಒಂದು ಸಡಿಲ, ಒಂದಕ್ಕೆ ಹೋಗುವುದೇ ಇಲ್ಲ. ನಾಲ್ಕನೆಯದು ಬಿಗಿಯಾಗಿ ಕೂತಿತು. ಅದಕ್ಕೆ ಹೊಂದುವ ಪ್ರೆಸ್ ಟೂಲು, ಸಿಪ್ಪೆ ಸುಲಿಯುವ ಸ್ಟ್ರಿಪ್ಪರು. ಇನ್ನು ಹಲ್ಲಲ್ಲಿ ಕಚ್ಚುವುದು ತಪ್ಪಿತು.

'ದೇವರಾಜು ಬಂದ್ರೆ ಯಾವ್ದಾರ ಒಂದ್ ಕೊಡು ಅಂತಾನೆ. ನೀವ್ ನೋಡಿ ತಗೊಂಡ್ರಿ. ಇಷ್ಟ್ ದಿನ ಯಾರ್ ಕೈ ಅಂತ ಈಗ ಗೊತ್ತಾಯ್ತು ಬುಡಿ ಅಕ್ಕ' ಅಂದ ಕಲೀಂ. ಕಿಕ್ಕೇರಿ ಬರುವವರೆಗೂ ಅದೇ ಖುಷಿ.

ಜೂನ್ 10

ಪಾಂಡವಪುರದ ಡಿಶ್ ಕಂಪನಿಗೆ ನಾಲ್ಕು ತಾಲ್ಲೂಕಿಗೊಬ್ಬ ಇನ್‌ಸ್ಟಾಲರ್ ಬೇಕಂತೆ. ಕಾಯಂ ಕೆಲಸ. 16ಕ್ಕೆ ಟೆಸ್ಟು — ಸಾಹೇಬರ ಮುಂದೆ ಹತ್ತು ತುದಿ ಮಾಡಬೇಕು. ಕುಣಿಯುತ್ತಾ ಬಂದವನು ಅಷ್ಟು ಹೇಳಿ ನನ್ನ ಟೂಲಿನ ಕಡೆ ನೋಡಿದ.

'ನಾನೂ ಬರ್ತೀನಿ. ಮನೆ ಮ್ಯಾಕ್ ಅತ್ತಾದು ನಂದು, ತುದಿ ಮಾಡಾದು ಚೈತನ್ಯ ಅಂತ ಯೇಳ್ಬುಡಿ. ಇಬ್ರುನ್ನೂ ತಗೊಂಡ್ರೂ ತಗೋಬೋದು' ಅಂದೆ.

'ಎಂಡ್ರು ಮಾಡ್ಕೊಡ್ತಾಳೆ ಅಂತ ಯೇಳ್ಲಾ? ನಗ್ತಾರೆ ಕಣಮ್ಮಿ.'

ಬೇರೇನೂ ಕೇಳಿರಲಿಲ್ಲ. ಒಂದು ಸಲ ನನ್ನ ಹೆಸರು ಹೇಳಲಿ ಅಂತ, ಅಷ್ಟೇ.

ಜೂನ್ 12

ಅವನಿಗೆ ಕಲಿಸಲು ಕೂತೆ. ಸಿಪ್ಪೆ ಸುಲಿ. ಒಳಗಿನ ಜಾಲರಿ ಎಳೆಗಳನ್ನು ಹಿಂದಕ್ಕೆ ಮಡಚು. ಅದರಡಿಯ ಬಿಳಿ ಪದರ ಕೊಯ್ಯಿ. ನಡುವಿನ ತಾಮ್ರಕ್ಕೆ ಗೀರು ಬೀಳಬಾರದು. ಜಾಲರಿಯ ಒಂದೇ ಎಳೆ ತಾಮ್ರಕ್ಕೆ ತಗುಲಿದರೂ ಟಿವಿಯಲ್ಲಿ ಏನೂ ಬರಲ್ಲ... ಇಪ್ಪತ್ತೆರಡು ಕನೆಕ್ಟರು ಹಾಳು. ಟೂಲು ಎಸೆದ. 'ಇದು ಎಂಗಸ್ರ ಕೆಲ್ಸ' ಅಂದ! ಡಿಶ್ ಕೆಲಸದಲ್ಲಿ ಹೆಂಗಸರ ಪಾಲು ಯಾವಾಗ ಹುಟ್ಟಿತೋ.

ಜೂನ್ 16

ಕಟ್ಟು ಕಟ್ಟಿದವಳು ನಾನೇ. ಅವನ ಬಲಗೈ ಹೆಬ್ಬೆರಳಿಗೆ. ನಂಬಲಿ ಅಂತ ಅರಿಶಿನವನ್ನೂ ಮೆತ್ತಿದೆ. ಒಳಗೆ ಗಾಯವೇ ಇಲ್ಲ. ಕವರಿನಲ್ಲಿ ನಾನು ಮಾಡಿದ ಹತ್ತು ತುದಿ. 'ನೆನ್ನೆ ಮಾಡಿದ್ದು ಸಾರ್, ಆಮ್ಯಾಕೆ ಕೈ ಕುಯ್ಕಂಡೆ' ಅಂದನಂತೆ. ಕಂಪನಿಯ ಮಂಜುನಾಥ ಸಾಹೇಬರು ಹತ್ತನ್ನೂ ಜಗ್ಗಿ ನೋಡಿದರಂತೆ. ಒಂದೂ ಕದಲಲಿಲ್ಲ. 'ಏನ್ ಕೈಯಯ್ಯ ನಿಂದು!' ಅಂದರಂತೆ.

ಕೆಲಸ ಸಿಕ್ಕಿತು. ಹೇಳುತ್ತಾ ಹೇಳುತ್ತಾ ತನ್ನ ಕೈಯನ್ನೇ ತಿರುಗಿಸಿ ನೋಡಿಕೊಂಡ. ನಂಬಿಬಿಟ್ಟಿದ್ದಾನೆ. ತಿನ್ನು ಅಂತ ಮೈಸೂರುಪಾಕು ಚಾಚಿದ. ಬೇಡ ಅಂದೆ.

ಜುಲೈ 8, ಬೆಳಿಗ್ಗೆ 9

ಬರೆಯಲು ಬಿಡುವೆಲ್ಲಿ? ಶ್ರೀರಂಗಪಟ್ಟಣದ ವೈರೂ ಈಗ ನಮ್ಮ ಜಗುಲಿಗೇ ಬರುತ್ತೆ. ನಾಳೆ ನಾಗಮಂಗಲದಲ್ಲಿ ಹೊಸಬರಿಗೆ ಟ್ರೇನಿಂಗು. ಕಲಿಸುವವನು ಯಾರು — ದೇವರಾಜು! ಮತ್ತೆ ಕೈ ಕೊಯ್ದುಕೊಂಡೆ ಅಂತ ಸಾಹೇಬರಿಗೆ ಫೋನು ಮಾಡಿದ. ಕಟ್ಟು ಕಟ್ಟು ಅಂದ. ಕಟ್ಟಿದೆ. ಪೇಟೆಗೆ ಹೋದ.

11.20

ಫೋನು ಮರೆತು ಹೋಗಿದ್ದಾನೆ. ರಿಂಗಾಯಿತು, ಸಾಹೇಬರದು. ಎತ್ತಿದೆ.

'ಏನಮ್ಮ, ದೇವರಾಜು ಮತ್ತೆ ಕೈ ಕುಯ್ಕೊಂಡವ್ನಂತೆ?'

ಹೇಳಿಯೇಬಿಟ್ಟೆ. 'ಗಾಯ ಇಲ್ಲ ಸಾರ್. ಟೆಸ್ಟಿನ್ ದಿನ ತಂದ್ನಲ್ಲ, ಆ ಹತ್ತೂ ನಾನ್ ಮಾಡಿದ್ದು. ಎಲ್ಲಾ ನಾನೇ. ನಾಳಿಕೆ ನಾನೇ ಬಂದು ತೋರಿಸ್ತೀನಿ.'

ನಕ್ಕರು. ಎಷ್ಟು ಹೊತ್ತು ನಕ್ಕರು! 'ಗಂಡನ್ ಕಾಲೆಳಿಯಾದ್ರಲ್ಲಿ ನಮ್ಮನೆಯವ್ಳನ್ನೂ ಮೀರಿಸ್ಬುಟ್ಟೆ ಕಣಮ್ಮ. ಮುಂಚೆ ಮಾಡಿಟ್ಟಿರಾ ಹತ್ತು ತುದಿ ಇದ್ರೆ ತರಾಕೇಳು. ಟಿವಿಗೆ ಹಾಕಿ ತೋರ್ಸಣ.'

ಫೋನು ಇಟ್ಟರು. ಅಳು ಬರಲಿಲ್ಲ, ನಾಚಿಕೆಯಾಯಿತು.

ಸಂಜೆ 4.30

ಒಂಬತ್ತು ಆಯಿತು. ಹತ್ತನೆಯದರಲ್ಲಿ ಜಾಲರಿಯ ಒಂದು ಎಳೆ ಮಡಚಲಿಲ್ಲ. ಕೂದಲಿನಷ್ಟು ಸಣ್ಣದು. ತಾಮ್ರಕ್ಕೆ ತಾಗಿಸಿದೆ. ಕನೆಕ್ಟರು ಹಾಕಿದೆ. ಒತ್ತಿದೆ. ಟಕ್.

ಹತ್ತನ್ನೂ ಒಂದೇ ಕವರಿಗೆ ಹಾಕಿ ಕುಲುಕಿದೆ. ಯಾವುದು ಅಂತ ನನಗೂ ತಿಳಿಯದು ಈಗ. ನಾಳೆ ಹೊಸಬರ ಮುಂದೆ ಟಿವಿ ಕಪ್ಪಗಾದಾಗ ಸಾಹೇಬರು ಕೇಳುತ್ತಾರೆ, ಯಾರಯ್ಯ ಇದನ್ನು ಮಾಡಿದ್ದು ಅಂತ. ಆಗ ಹೇಳುತ್ತಾನೆ. ಖಂಡಿತ ಹೇಳುತ್ತಾನೆ. ನಾನಲ್ಲ ಸಾರ್, ಚೈತನ್ಯ ಅಂತ. ಆರು ವರ್ಷದಲ್ಲಿ ಮೊದಲ ಸಲ...

ಬೈಕಿನ ಸದ್ದು. ಬಂದ. 'ಆಯ್ತೇನಮ್ಮಿ?' ಅಂತಿದ್ದಾನೆ. ಆಯ್ತು ಅಂದೆ. ಕಟ್ಟು ಕಟ್ಟಿದ ಕೈಯನ್ನೇ ಕವರಿಗೆ ಚಾಚಿದ್ದಾನೆ —