ಒಲೆ ಕಾಯುವವಳಿಗೆ ಸಿಕ್ಕ ಕುರ್ಚಿ

ಬಾಲಾ, ವೇಲ್ಸ್
೧೪ ಮೇ ೧೯೮೬

ಪ್ರೀತಿಯ ತಂಗಿ ಎಲಿನೆಡ್‌ಗೆ,

ಕಾರ್ಡಿಫ್‌ನಲ್ಲಿ ನೀನೂ ಮಕ್ಕಳೂ ಚೆನ್ನಾಗಿದ್ದೀರಿ ತಾನೆ? ಉತ್ತರ ತಡವಾಯಿತು, ಬೈಯಬೇಡ. ಕುರಿಗಳು ಮರಿ ಹಾಕುವ ಕಾಲ ಎಂದು ನೆಪ ಹೇಳಬಹುದಿತ್ತು. ನಿಜ ಹೇಳಬೇಕೆಂದರೆ ಸಿಟ್ಟಿನಲ್ಲಿ ಕೈಗೆ ಪೆನ್ನು ಹತ್ತುತ್ತಿರಲಿಲ್ಲ.

ನಿನ್ನ ಭಾವ ಇದ್ವಾಲ್ ಕೊನೆಗೂ ಊರಿನ ಕವಿತಾ ಸ್ಪರ್ಧೆಯಲ್ಲಿ ಮೊದಲ ಬಹುಮಾನದ ಕುರ್ಚಿ ಗೆದ್ದ. ಅವತ್ತು ಬೆಳಿಗ್ಗೆ "ಕಪ್ಪು ಸೂಟಿಗೆ ಇಸ್ತ್ರಿ ಹಾಕು" ಅಂದಾಗಲೇ ನನಗೆ ಅನುಮಾನ ಬರಬೇಕಿತ್ತು. ಸಭೆಯಲ್ಲಿ ತೀರ್ಪುಗಾರರು ಗೆದ್ದ ಕವಿತೆಯ ಸಾಲೊಂದನ್ನು ಓದಿದರು: "ಹಿಟ್ಟು ಉಬ್ಬುವ ತನಕ ಮಾತ್ರ ನಾನು ನನ್ನವಳು." "ಅಡುಗೆಮನೆಯಿಂದ ಕೊನೆಗೂ ಒಬ್ಬ ಹೆಣ್ಣುಮಗಳು ಬಾಯಿ ಬಿಟ್ಟಿದ್ದಾಳೆ" ಎಂದರು. ಅರೆ, ಇದು ನಾನೂ ಆಡುವ ಮಾತಲ್ಲವೇ ಅನ್ನಿಸಿತು. ಯಾರೋ ನನ್ನಂಥವಳೇ ಇರಬೇಕು ಎಂದು ಖುಷಿಯೂ ಆಯಿತು. ತುತ್ತೂರಿ ಊದಿದರು. "'ಒಲೆ ಕಾಯುವವಳು' ಎಂಬ ಗುಪ್ತನಾಮದವರು ಎದ್ದು ನಿಲ್ಲಲಿ!" ಎಲ್ಲರೂ ಹೆಂಗಸರ ಕಡೆ ತಿರುಗಿದರು. ನಾನೂ ಕತ್ತು ಉದ್ದ ಮಾಡಿ ಹುಡುಕುತ್ತಿದ್ದೆ. ನನ್ನ ಪಕ್ಕದಲ್ಲೇ ಇದ್ವಾಲ್ ಎದ್ದ.

ಮನೆಗೆ ಬಂದಮೇಲೆ ಕೇಳಿದೆ. "ಅದು ನನ್ನ ಮಾತಲ್ವಾ? ಒಂದು ಮಾತು ಕೇಳೋಕೆ ಏನಾಗಿತ್ತು ನಿಂಗೆ?"

"ನೀನೇನು ಬರೆದಿಟ್ಟಿದ್ಯಾ? ಹಬೆ ಜೊತೆ ಕಿಟಕಿಯಿಂದ ಹೋಗ್ತಿದ್ದ ಮಾತು. ನಾನು ಉಳಿಸ್ದೆ."

"ಉಳಿಸ್ದೋನಿಗೆ ಕುರ್ಚಿ, ಆಡ್ದೋಳಿಗೆ ಮುಸುರೆ ಪಾತ್ರೆ!"

"ಹೊಟ್ಟೆಕಿಚ್ಚು ಕಣೇ ನಿಂಗೆ" ಅಂದು ನಕ್ಕ. ಆ ನಗು ಕಂಡು ಮೈ ಉರಿದುಹೋಯಿತು.

ಆ ಓಕ್ ಮರದ ಕುರ್ಚಿ ಹಜಾರದ ಬಾಗಿಲಲ್ಲಿ ಹಿಡಿಸದೆ ಅಡುಗೆಮನೆಯಲ್ಲೇ ಕೂತಿದೆ. ಒಲೆಯ ಹತ್ತಿರ ಹೋಗಲು ನಾನು ಅದನ್ನು ಸುತ್ತು ಹಾಕಬೇಕು. ಮೊನ್ನೆ ಅದರ ಮೇಲೆ ಆಲೂಗಡ್ಡೆ ಬುಟ್ಟಿ ಇಟ್ಟಿದ್ದಕ್ಕೆ ಸೂರು ಹಾರಿಹೋಗುವಂತೆ ಕೂಗಾಡಿದ. ಪಕ್ಕದ ಮನೆಯ ಮೆಗನ್ ಬಂದು ಕುರ್ಚಿ ಸವರಿ, "ಪುಣ್ಯ ಮಾಡಿದ್ದೀಯ ಕಣೇ ನೆಸ್ತಾ, ಹೆಂಡ್ತಿ ಮನಸ್ಸು ಇಷ್ಟು ತಿಳ್ಕೊಂಡಿರೋ ಗಂಡ ಯಾರಿಗುಂಟು!" ಅಂದಳು. ಬಾಯಲ್ಲಿ ಬಿಸಿ ತುಪ್ಪ. ನುಂಗಲಾರೆ, ಉಗುಳಲಾರೆ.

ಶುಕ್ರವಾರ ಚಾಪೆಲ್‌ನಲ್ಲಿ ಅವನಿಗೆ ಸನ್ಮಾನ. ಇಡೀ ಕವಿತೆ ಓದುತ್ತಾನೆ, ಆಮೇಲೆ ಅದು ಊರ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಪಾದ್ರಿಗಳು, "ಚಹಾ, ಹಣ್ಣಿನ ಬ್ರೆಡ್ಡು ನಿಮ್ದೇ ತಾನೆ ನೆಸ್ತಾ?" ಅಂದರು. ಹೂಂ ಅಂದುಬಿಟ್ಟೆ. ಈಗ ಚಹಾ ಬಗ್ಗಿಸುತ್ತ ನಗಬೇಕು, ಇಲ್ಲವೇ ಅವನು ಓದುವಾಗಲೇ ಎದ್ದು ಇದು ನನ್ನದು ಎನ್ನಬೇಕು. ಎದ್ದರೆ ಈ ಮನೆಯಲ್ಲಿ ಮುಂದೆ ಬಾಳುವುದು ಹೇಗೆ? ಸುಮ್ಮನೆ ಕೂತರೆ ನನ್ನ ಮುಖ ನಾನೇ ನೋಡಿಕೊಳ್ಳಲಾರೆ. ಮೂರು ರಾತ್ರಿಯಿಂದ ನಿದ್ದೆಯಿಲ್ಲ, ಎಲಿನೆಡ್.

ಮಕ್ಕಳಿಗೆ ಮುತ್ತು. ದೇವರು ನಿನ್ನ ಸಂಸಾರವನ್ನು ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ನೆಸ್ತಾ

ತಾ.ಕ.: ಇಷ್ಟು ದಿನ ಆ ಕವಿತೆಯನ್ನು ಮುಟ್ಟಿರಲಿಲ್ಲ. ಈಗ, ಲಕೋಟೆ ಅಂಟಿಸುವ ಮೊದಲು, ಪೂರ್ತಿ ಓದಿದೆ. ಕೊನೆಯ ಭಾಗದಲ್ಲಿರುವುದು ನನ್ನ ಪುಟ್ಟ ಮಗಳು ಹೆಲೆದ್ ತೀರಿಕೊಂಡ ಬೆಳಿಗ್ಗೆ. "ಅವಳ ಬಟ್ಟೆ ಹಗ್ಗದ ಮೇಲೇ ಇರಲಿ, ಇನ್ನೂ ಒಣಗಿಲ್ಲ." ನಾನು ಅಂದದ್ದು ಹಾಗೇ ಇದೆ. ಆಮೇಲೆ ಎಂದೋ ನಾನೇ ಅವನಿಗೆ ಹೇಳಿಕೊಂಡಿದ್ದೆ. ಅದನ್ನಾದರೂ ಸಹಿಸಿಕೊಂಡೇನು. ಆದರೆ ಕವಿತೆಯಲ್ಲಿ ಗಂಡ ಮಗುವಿನ ಹಾಸಿಗೆಯ ಪಕ್ಕ ಕೂತು ಹೆಂಡತಿಯ ಕೈ ಹಿಡಿದಿದ್ದಾನೆ. ಅವತ್ತು ಇದ್ವಾಲ್ ಬೇರೆ ಊರಿನ ಸ್ಪರ್ಧೆಗೆ ಹೋಗಿದ್ದ. ಹೇಳಿ ಕಳಿಸಿದರೂ ಫಲಿತಾಂಶ ಕೇಳಿಕೊಂಡೇ ಬಂದ. ನನ್ನ ಕೈ ಹಿಡಿದು ಕೂತವಳು ನೀನು, ಹದಿನೇಳರ ಹುಡುಗಿ. ಶುಕ್ರವಾರ ಬಾ. ನಾನು ಏಳುತ್ತೇನೆ.